ಬೆಳಕೋಡಿ ಧಕ್ಕೆಯ ಗಿಡ್ಡಿ

ರೈಲುದಿಬ್ಬ, ಬೆಳಕೋಡಿ ಬಂದರು
ಉಪ್ಪೇರಿನ ನಲವತ್ತೊಂದನೇ ವರ್ಷ, ಚೈತ್ರ ಮಾಸ
ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ನೂರ ಮೂವತ್ತಾರನೇ ಇಸವಿ

ನಮಗಿಂತ ಮೊದಲು ಈ ಬಂದರಿನಲ್ಲಿ ಬಾಳಿದವರಿಗೆ ಸೇವಂತಿ ಜಟ್ಟು ಹರಿಕಂತ್ರ ಮಾಡುವ ನಮಸ್ಕಾರಗಳು.

ಮೇಲಿನ ಇಸವಿಯನ್ನು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಬದಿಗಿಡಬೇಡಿ. ಹಿಂದಿನವರಿಗೆ ಕಾಗದ ಮುಟ್ಟುವುದಿಲ್ಲ ಎಂಬುದು ನನಗೂ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ. ನಮ್ಮ ಮುಂದೆ ಇಲ್ಲಿ ಯಾರಾದರೂ ಇರುತ್ತಾರೋ ಇಲ್ಲವೋ ಹೇಳಲಾರೆ. ನೀವಂತೂ ಇದ್ದಿರಿ, ಅದು ಖಾತ್ರಿ. ನನ್ನ ಮಾತಿನಲ್ಲಿ ನಿಮಗೆ ಹೊಸದೆನಿಸುವ ಶಬ್ದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಉಪ್ಪೇರು ಎಂದರೆ ನಮ್ಮ ಬಾವಿಗಳೆಲ್ಲ ಉಪ್ಪಾದ ವರ್ಷ. ಅಲ್ಲಿಂದಲೇ ನಾವು ಕಾಲವನ್ನು ಎಣಿಸುತ್ತೇವೆ. ಸಮುದ್ರ ಊರೊಳಗೆ ಬಂದು ನಿಂತಾಗ ಉಳಿದ ಒಣ ನೆಲವೆಂದರೆ ನಿಮ್ಮ ಕಾಲದ ರೈಲು ದಾರಿಗೆ ಹಾಕಿದ್ದ ಮಣ್ಣಿನ ಏರಿ ಮತ್ತು ಧಕ್ಕೆಯ ಹಿಂದಿನ ಗುಡ್ಡ. ಆ ಏರಿಗೆ ನಾವು ರೈಲುದಿಬ್ಬ ಎನ್ನುತ್ತೇವೆ. ಅದರ ಎರಡೂ ಮಗ್ಗುಲಿಗೆ ತಗಡು ಹೊದಿಸಿದ ಮನೆಗಳು, ನಡುವೆ ಹಳಿ. ನನ್ನ ಮಗಳು ಅಂಬೆಗಾಲಿಟ್ಟದ್ದು ಆ ಹಳಿಗಳ ನಡುವೆಯೇ.

ನಾನು ಹೇಳಬೇಕಾಗಿರುವುದು ಗಿಡ್ಡಿಯ ಕಥೆ. ನೀವು ಅವಳನ್ನು ನೋಡಿದ್ದೀರಿ. ಬಂದರಿನ ಉದ್ಯಾನದಲ್ಲಿ, ತಗಡಿನ ಮಾಡಿನ ಕೆಳಗೆ, ಸಿಮೆಂಟಿನ ಕಟ್ಟೆಯ ಮೇಲೆ ನಿಂತಿರುವ ಕಪ್ಪು ಉಗಿಬಂಡಿ. ನಿಮ್ಮ ಮಕ್ಕಳು ಅವಳ ಮೆಟ್ಟಿಲು ಹತ್ತಿ ಇಳಿದು ಆಡುತ್ತಾರೆ. ಸಂಜೆ ಕಡಲೆ ಮಾರುವವನು ಅವಳ ನೆರಳಿನಲ್ಲಿ ಗಾಡಿ ನಿಲ್ಲಿಸುತ್ತಾನೆ. ಅವಳು ಯಾರು, ಎಲ್ಲಿಂದ ಬಂದಳು ಎಂದು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ನನ್ನ ಗಂಡನ ಮನೆಯವರು ತಲೆತಲಾಂತರದಿಂದ ಅವಳ ಒಲೆಗೆ ಸೌದೆ, ಕಲ್ಲಿದ್ದಲು ಹಾಕಿದವರು. ಆದ್ದರಿಂದ ಅವಳ ಕಥೆ ನಮ್ಮಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದೆ.

ಅವಳು ಬಂದದ್ದು ಹಡಗಿನಲ್ಲಿ, ಬ್ರಿಟಿಷರ ಕಾಲದಲ್ಲಿ. ದೂರದ ಊರುಗಳಿಂದ ದೊಡ್ಡ ಇಂಜಿನುಗಳು ಸರಕಿನ ಡಬ್ಬಿಗಳನ್ನು ಎಳೆದು ತಂದು ಊರಾಚೆ ಬಿಟ್ಟು ಹೋಗುತ್ತಿದ್ದವು. ಧಕ್ಕೆಯ ಅಂಚಿನವರೆಗೆ ಬರುವಷ್ಟು ಜಾಗ ಅವುಗಳಿಗೆ ಇರಲಿಲ್ಲ. ಅಲ್ಲಿ ಹಳಿ ತೀರ ಬಾಗಿತ್ತು. ಆ ಡಬ್ಬಿಗಳನ್ನು ಬಿಡಿಸಿ, ಯಾವ ಹಡಗಿಗೆ ಯಾವುದೆಂದು ಬೇರ್ಪಡಿಸಿ, ಒಂದೊಂದಾಗಿ ನೀರಿನ ಅಂಚಿಗೆ ತಳ್ಳುವುದು ಗಿಡ್ಡಿಯ ಕೆಲಸ. ಹೋಗುವಾಗ ಹೆಂಚು, ಮರದ ದಿಮ್ಮಿ, ಅದಿರು. ಬರುವಾಗ ಖರ್ಜೂರ, ಸಿಮೆಂಟು, ಯಂತ್ರಗಳು. ಬೇರೆ ಇಂಜಿನುಗಳ ಪಕ್ಕದಲ್ಲಿ ಕುಳ್ಳಗೆ ಕಾಣುತ್ತಿದ್ದಳೆಂದು ಧಕ್ಕೆಯ ತಲೆಹೊರೆ ಹೆಂಗಸರು ಗಿಡ್ಡಿ ಎಂದರು. ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ದಿನವಿಡೀ ಮುಂದೆ ಹಿಂದೆ, ಮುಂದೆ ಹಿಂದೆ.

ಅವಳ ಮುಂದಿನ ಅಡ್ಡತೊಲೆ ಬಲಗಡೆ ಒಳಕ್ಕೆ ಬಾಗಿರುವುದನ್ನು ನೀವು ನೋಡಿರಬಹುದು. ಅದು ಇನಾಸ್ ರೊಡ್ರಿಗಸ್ ಎಂಬ ಡ್ರೈವರನ ಕಾಲದ್ದು. ಒಂದು ಮಳೆಗಾಲದ ಬೆಳಿಗ್ಗೆ ಅದಿರು ತುಂಬಿದ ಡಬ್ಬಿಗಳ ಸಾಲೊಂದು ಕೊಂಡಿ ಕಳಚಿ, ಒದ್ದೆ ಹಳಿಯ ಮೇಲೆ ಧಕ್ಕೆಯ ಕಡೆಗೆ ಜಾರತೊಡಗಿತು. ಧಕ್ಕೆಯ ತುದಿಯಲ್ಲಿ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ನಿಂತಿದ್ದರು. ಇನಾಸ್ ಗಿಡ್ಡಿಯನ್ನು ಅದೇ ಹಳಿಗೆ ತಂದು, ಡಬ್ಬಿಗಳಿಗೆ ಎದುರಾಗಿ ನಿಲ್ಲಿಸಿ, ಒಲೆಗಾರನನ್ನು ಕೆಳಕ್ಕೆ ತಳ್ಳಿ, ತಾನು ಬ್ರೇಕಿನ ಚಕ್ರ ಹಿಡಿದು ಕೂತ. ಡಬ್ಬಿಗಳು ಬಡಿದವು. ಗಿಡ್ಡಿ ಧಕ್ಕೆಯ ಅಂಚಿನವರೆಗೂ ಹಿಂದಕ್ಕೆ ಜಾರಿ ಅಲ್ಲಿ ನಿಂತಳು. ಇನಾಸನ ಎರಡು ಪಕ್ಕೆಲುಬು ಮುರಿದಿದ್ದವು. ವಿಚಾರಣೆಗೆ ಬಂದ ಸಾಹೇಬ ಇಂಜಿನ್ನನ್ನು ಯಾಕೆ ಹಾಳು ಮಾಡಿದೆ ಎಂದು ಕೇಳಿದಾಗ, “ಅಡ್ಡ ಕೊಡೂಕೆ ನನ್ನ ಹತ್ರ ಬೇರೆ ಎಂತದೂ ಇರ್ಲಿಲ್ಲ ಸಾಯ್ಬ್ರೆ” ಎಂದನಂತೆ. ತೊಲೆಯನ್ನು ನೆಟ್ಟಗೆ ಮಾಡಿಸುವುದು ಬೇಡವೆಂದು ಹೆಂಗಸರು ಹಟ ಹಿಡಿದರು. ಪ್ರತಿ ಆಯುಧಪೂಜೆಗೆ ಆ ಬಾಗಿದ ಜಾಗಕ್ಕೆ ಅವರೇ ಕುಂಕುಮ ಹಚ್ಚುತ್ತಿದ್ದರು.

ಆಮೇಲಿನದು ನಿಮಗೇ ಗೊತ್ತು. ಡೀಸೆಲ್ ಇಂಜಿನ್ ಬಂತು, ಆಮೇಲೆ ಹಡಗುಗಳೇ ಬೇರೆ ಬಂದರಿಗೆ ಹೋದವು. ಗಿಡ್ಡಿಯನ್ನು ಉದ್ಯಾನದಲ್ಲಿ ನಿಲ್ಲಿಸಿದರು. ಹಿತ್ತಾಳೆಯ ಸಾಮಾನುಗಳನ್ನು ಯಾರೋ ಕದ್ದರು. ನಾಯಿಗಳು ಒಳಗೆ ಮರಿ ಹಾಕುತ್ತವೆಂದು ಅವಳ ಒಲೆಯ ಬಾಯಿಗೆ ಸಿಮೆಂಟು ತುಂಬಿಸಿದರು. ಇನ್ನು ಮುಂದಿನದು ನಿಮಗೆ ಗೊತ್ತಿರಲಿಕ್ಕಿಲ್ಲ: ಕೆಲವು ವರ್ಷದ ಮೇಲೆ ಉದ್ಯಾನವನ್ನು ದೊಡ್ಡದು ಮಾಡುವಾಗ ಪಕ್ಕದ ಇಂಜಿನ್ ಶೆಡ್ಡನ್ನು ಕೆಡವಿದರು. ಆ ಶೆಡ್ಡಿನ ಮೂಲೆಯಲ್ಲಿ ಗಿಡ್ಡಿಗೆಂದೇ ತರಿಸಿ, ಬಳಸದೆ ಉಳಿದಿದ್ದ ಟ್ಯೂಬುಗಳ ಕಟ್ಟುಗಳಿದ್ದವು. ಶೆಡ್ಡಿನ ಜೊತೆಗೆ ಅವೂ ಗುಜರಿಗೆ ಹೋದವು ಎಂದು ನನ್ನ ಗಂಡನ ಅಜ್ಜ ಹೇಳುತ್ತಿದ್ದ. ಆಗ ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ನಿಮ್ಮನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ.

ಉಪ್ಪೇರಿನ ಮೊದಲ ವರ್ಷಗಳಲ್ಲಿ ನೀರನ್ನು ಸಿಹಿ ಮಾಡುವ ಯಂತ್ರಗಳು ನಮ್ಮಲ್ಲಿಯೂ ಇದ್ದವು. ಅವುಗಳೊಳಗಿನ ಜಾಳಿಗೆಗಳು ಸವೆದ ಮೇಲೆ ಹೊಸತು ಬರಲಿಲ್ಲ; ತರುವ ದಾರಿಗಳೇ ಮುಚ್ಚಿದ್ದವು. ಆಗ ಗಂಡನ ಅಜ್ಜ ಮತ್ತು ಅವನ ಜೊತೆಯವರು ಗಿಡ್ಡಿಯ ಒಲೆಯ ಸಿಮೆಂಟನ್ನು ಉಳಿಯಿಂದ ಕೆತ್ತಿ ತೆಗೆದರು. ಅವಳನ್ನು ಕಟ್ಟೆಯಿಂದ ಇಳಿಸಿ ರೈಲುದಿಬ್ಬದ ಹಳಿಯ ಮೇಲೆ ನಿಲ್ಲಿಸಿದರು. ಅವಳ ಹೊಟ್ಟೆಗೆ ಸಮುದ್ರದ ನೀರು ತುಂಬಿ, ಗಾಳಿಮರದ ಸೌದೆ ಮತ್ತು ತೆಂಗಿನ ಗೆರಟೆಯಿಂದ ಬೆಂಕಿ ಹಾಕಿದರು. ಹೊರಬಂದ ಉಗಿಯನ್ನು ತಾಮ್ರದ ಕೊಳವೆಗಳಲ್ಲಿ ಸಮುದ್ರದೊಳಗೆ ಹಾಯಿಸಿದಾಗ ಅದು ತಣಿದು, ಇನ್ನೊಂದು ತುದಿಯಲ್ಲಿ ಸಿಹಿನೀರಾಗಿ ತೊಟ್ಟಿಕ್ಕಿತು. ಆ ಕೊಳವೆಗಳಿಗೆ ನಾವು ಬೆವರುಗೊಳವೆ ಎನ್ನುತ್ತೇವೆ. ಮಳೆಗಾಲದಲ್ಲಿ ಮಾಡಿನ ನೀರು ಸಾಕು, ಆಗ ಗಿಡ್ಡಿಗೆ ಬಿಡುವು. ಪುಷ್ಯ ಮಾಸದಿಂದ ಮಳೆ ಬೀಳುವವರೆಗೆ ಇಡೀ ದಿಬ್ಬ ಕುಡಿಯುವುದು ಅವಳನ್ನೇ. ಬೆಳಿಗ್ಗೆ ಕೊಡ ಹಿಡಿದು ಸಾಲು ನಿಲ್ಲುವುದು, ನೀರು ಹಂಚುವ ಬೊಮ್ಮಯ್ಯ ಅಳೆದು ಸಿಹಿಪಾಲು, ಎಂದರೆ ಮನೆಮನೆಯ ಸಿಹಿನೀರಿನ ಪಾಲು, ಹಾಕುವುದು, ಮಕ್ಕಳು ಕೊಳವೆಯ ಕೊನೆಯ ಹನಿಗೆ ನಾಲಿಗೆ ಚಾಚುವುದು, ಇದು ನಮ್ಮ ದಿನಚರಿ. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು ಎಲ್ಲ ಉಪ್ಪುನೀರಿನಲ್ಲೇ. ನಮ್ಮ ಕೂದಲು ನಾರಿನಂತಿರುತ್ತದೆ. ಸ್ನಾನಕ್ಕೆ ಸಿಹಿನೀರು ಸಿಗುವುದು ಮದುವೆಯ ದಿನ ಮಾತ್ರ. ನನ್ನ ಮದುವೆಯ ದಿನ ಅರ್ಧ ಕೊಡ ತಲೆಗೆ ಹುಯ್ದಿದ್ದರು. ಕೆಳಗೆ ಬಿದ್ದ ನೀರನ್ನು ಅತ್ತೆ ಪರಾತದಲ್ಲಿ ಹಿಡಿದು ಬಸಳೆಗೆ ಹಾಕಿದರು.

ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಗಿಡ್ಡಿಯ ಹೊಟ್ಟೆಯೊಳಗೆ ಉದ್ದಕ್ಕೂ ಟ್ಯೂಬುಗಳಿವೆ. ಬೆಂಕಿಯ ಬಿಸಿ ಅವುಗಳೊಳಗೆ ಹಾದುಹೋಗುತ್ತದೆ, ಸುತ್ತಲೂ ನೀರು. ಒಂದು ಟ್ಯೂಬು ತೂತಾದರೆ ನೀರು ಬೆಂಕಿಗೆ ಸುರಿಯುತ್ತದೆ. ಆಗ ಅವಳನ್ನು ತಣ್ಣಗಾಗಿಸಿ, ಒಲೆಯೊಳಗೆ ತೆವಳಿ ಹೋಗಿ, ಆ ಟ್ಯೂಬಿನ ಎರಡೂ ಬಾಯಿಗೆ ಕಬ್ಬಿಣದ ಬೆಣೆ ಬಡಿದು ಮುಚ್ಚಬೇಕು. ಅಷ್ಟರ ಮಟ್ಟಿಗೆ ಅವಳ ಬಿಸಿ ಕಡಿಮೆ, ನೀರೂ ಕಡಿಮೆ. ನನ್ನ ಗಂಡ ಜಟ್ಟು ಒಲೆಗಾರನಾದಾಗ ಕೆಲವೇ ಮುಚ್ಚಿದ್ದವು. ಈ ವರ್ಷ ತೆರೆದಿರುವುದಕ್ಕಿಂತ ಮುಚ್ಚಿದ್ದೇ ಹೆಚ್ಚು. ಸಿಹಿಪಾಲು ಅರ್ಧವಾಯಿತು, ಆಮೇಲೆ ಅದರ ಅರ್ಧ. ಎಳೆಕೂಸುಗಳು ಅಳುವಾಗ ಕಣ್ಣೀರು ಬರುವುದು ನಿಂತಿತು. ಅದನ್ನು ಮೊದಲು ಗಮನಿಸಿದವರು ನನ್ನ ಅತ್ತೆ ದೇವಮ್ಮ. ಅಂದು ಅವರು ಊಟ ಮಾಡಲಿಲ್ಲ.

ಉಪ್ಪು ಮಾರಲು ಘಟ್ಟದ ಬುಡಕ್ಕೆ ಹೋಗಿ ಬಂದವರು, ಅಲ್ಲಿ ಹಳೆಯ ಸ್ಟೇಷನ್ನಿನ ಹತ್ತಿರ ಎಂದೂ ಬತ್ತದ ಒರತೆಯೊಂದಿದೆ ಎಂದು ಹೇಳಿದರು. ನಡೆಯಲು ಎರಡು ದಿನದ ಹಾದಿ, ನಡುವೆ ಬರೀ ಉಪ್ಪುಬಯಲು. ಗಟ್ಟಿಮುಟ್ಟಾದವರು ಕೊಡ ಹೊತ್ತು ಹೋಗಿ ಬರಲು ನೋಡಿದರು. ತಂದ ನೀರಿನಲ್ಲಿ ಹೆಚ್ಚಿನದು ಅವರ ಗಂಟಲಿಗೇ ಬೇಕಾಯಿತು. ಹಳಿ ಮಾತ್ರ ಅಲ್ಲಿಯವರೆಗೂ ಹಾಗೇ ಇತ್ತು. ಜಟ್ಟು ಒಂದು ಬೆಳಿಗ್ಗೆ ಎಲ್ಲರನ್ನೂ ಗಿಡ್ಡಿಯ ಮುಂದೆ ಕರೆದ.

“ಇವಳು ಇಂಜಿನ್ನು. ನಾವೇ ಒಲೆ ಮಾಡಿ ಇಟ್ಕಂಡಿರೂದು,” ಎಂದ. “ಎರಡು ಡಬ್ಬಿ ಕಟ್ಟಿ ಓಡಿಸ್ತೆ. ಮೊದ್ಲು ಮಕ್ಕಳು, ಅವ್ರ ಅವ್ವಿದೀರು. ವಾಪಸ್ ಬಂದು ಮುದುಕ್ರು, ಹುಷಾರಿಲ್ದವ್ರು. ಉಳ್ದವ್ರು ಹಳಿ ಹಿಡ್ಕಂಡು ನಡೀರಿ.”

ಬೊಮ್ಮಯ್ಯ ತಲೆ ಅಲ್ಲಾಡಿಸಿದ. “ಓಡಿಸೂಕೆ ಉಗಿ ಜಾಸ್ತಿ ಬೇಕು. ಆ ಜೋರಿಗೆ ಈ ಟ್ಯೂಬು ತಡೀತದ್ಯ? ನಡು ದಾರೀಲಿ ಹೋತು ಅಂದ್ರೆ ಅಲ್ಲೂ ನೀರಿಲ್ಲ, ಇಲ್ಲೂ ನೀರಿಲ್ಲ.”

“ಇಲ್ಲೇ ಇದ್ರೂ ಮಳೆ ತನ್ಕ ತಡೀದಿಲ್ಲ ಬೊಮ್ಮಣ್ಣ. ನಾನು ದಿನಾ ಒಳಗೆ ಹೋಗಿ ಕಾಣ್ತೆ. ಕಾಗದದಷ್ಟು ತೆಳ್ಳಗಾಗಿದೆ.”

ಅತ್ತೆ ಗೋಡೆಗೆ ಒರಗಿ ಕೂತಿದ್ದರು. “ಮಕ್ಕಳನ್ನು ಮೊದ್ಲು ಹೊತ್ಕಂಡು ಹೋಗು,” ಎಂದರು. “ನಮ್ಮನ್ನು ಕರ್ಕಂಡು ಹೋಗೂಕೆ ಬಂದ್ರೆ ಬಂದೆ, ಇಲ್ದಿದ್ರೆ ಇಲ್ಲ. ಆ ಮಾತು ಮತ್ತೆ ಎತ್ತೂದು ಬ್ಯಾಡ.”

ಕುಸಿದ ಕಡೆ ಮಣ್ಣು ಹಾಕಿದೆವು, ಮಲಗಿದ ಹಳಿಗಳನ್ನು ಎತ್ತಿ ಕಲ್ಲು ಕೊಟ್ಟೆವು. ಹಳಿಯ ಮೇಲೆ ಕಟ್ಟಿದ್ದ ಅಂಗಡಿ, ಒಲೆ, ಕೋಳಿಗೂಡುಗಳನ್ನು ಅವರವರೇ ಕಿತ್ತರು. ಧಕ್ಕೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಎರಡು ಚಪ್ಪಟೆ ಡಬ್ಬಿಗಳ ಚಕ್ರಕ್ಕೆ ಮೀನೆಣ್ಣೆ ಸುರಿದು ತಿರುಗುವಂತೆ ಮಾಡಿದೆವು. ಗಿಡ್ಡಿ ಹೊರಟ ಬೆಳಿಗ್ಗೆಯನ್ನು ನಿಮಗೆ ಹೇಗೆ ಹೇಳಲಿ? ನಮ್ಮಲ್ಲಿ ಬದುಕಿರುವ ಯಾರೂ ಅವಳು ತನ್ನ ಬಲದಿಂದ ಅಲುಗಾಡಿದ್ದನ್ನು ನೋಡಿರಲಿಲ್ಲ. ಅವಳು ನಮಗೆ ಬಾವಿಯಿದ್ದಂತೆ, ಇದ್ದಲ್ಲೇ ಇರುವವಳು. ಜಟ್ಟು ಹಿಡಿಕೆ ಎಳೆದಾಗ ಅವಳು ಒಮ್ಮೆ ನಡುಗಿ ಸುಮ್ಮನಾದಳು. ಮತ್ತೆ ಎಳೆದ. ಚಕ್ರ ಅಷ್ಟೇ ಅಷ್ಟು ತಿರುಗಿತು. ಆಮೇಲೆ ಹೊರಟೇಬಿಟ್ಟಳು. ಬೊಮ್ಮಯ್ಯ ಅಷ್ಟು ದೊಡ್ಡ ಗಂಡಸು, ಬಾಯಿಗೆ ಟವೆಲು ಒತ್ತಿಕೊಂಡು ಅಳುತ್ತ ಪಕ್ಕದಲ್ಲಿ ಓಡಿದ. ನನ್ನ ಮಗಳು ನೇತ್ರಾವತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಡಬ್ಬಿಯ ಅಂಚಿನಲ್ಲಿ ಕೂತಿದ್ದಳು. “ಅವ್ವಿ, ನೀನೂ ಹತ್ತು, ಜಾಗ ಇದೆ” ಎಂದು ಕೂಗಿದಳು. ಜಾಗ ಇರಲಿಲ್ಲ. ಅತ್ತೆಯನ್ನು ಬಿಟ್ಟು ಬರಲಾರೆ ಎಂದೆ. ಗದ್ದಲದಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಕೂಸಿನ ಕೈ ಹಿಡಿದು ನನ್ನ ಕಡೆ ಆಡಿಸಿದಳು.

ಅವರು ಮುಟ್ಟಿದರು. ನಿಮಗೆ ಇದನ್ನು ತಿಳಿಸಲೇಬೇಕು: ಆ ಮಕ್ಕಳೆಲ್ಲ ಘಟ್ಟದ ಬುಡ ಮುಟ್ಟಿ ಒರತೆಯ ನೀರು ಕುಡಿದರು. ನೀವು ಒಡೆಯದೆ ಬಿಟ್ಟ ಇಂಜಿನ್ನು ಅವರನ್ನು ಮುಟ್ಟಿಸಿತು.

ಮರುದಿನ ಮಧ್ಯಾಹ್ನ ಜಟ್ಟು ಖಾಲಿ ಡಬ್ಬಿಗಳೊಂದಿಗೆ ವಾಪಸ್ ಬಂದ. ಒರತೆಯಿಂದ ತಂದ ನೀರನ್ನೆಲ್ಲ ದಾರಿಯಲ್ಲಿ ಸೋರುವ ಗಿಡ್ಡಿಯ ಹೊಟ್ಟೆಗೇ ಸುರಿಯಬೇಕಾಗಿತ್ತು; ಆದರೂ ಮುಖದಲ್ಲಿ ನಗು. ನೇತ್ರಾವತಿ ಒರತೆಯ ಪಕ್ಕದಲ್ಲೇ ಒಲೆ ಹೂಡಿದ್ದಾಳೆ, ಕೂಸು ಉಚ್ಚೆ ಹೊಯ್ದಿತು ಎಂದ. ನೀರಿಲ್ಲದೆ ಒಣಗಿದ ಕೂಸು ಉಚ್ಚೆ ಹೊಯ್ದಿತೆಂದರೆ ಏನೆಂದು ತಾಯಂದಿರಿಗೆ ಗೊತ್ತು. ನಾವು ಗಿಡ್ಡಿಗೆ ಸಮುದ್ರದ ನೀರು ತುಂಬಿಸುತ್ತಿದ್ದೆವು, ಮುದುಕರನ್ನು ಡಬ್ಬಿಗೆ ಹತ್ತಿಸುತ್ತಿದ್ದೆವು. ಜಟ್ಟು ಸೌದೆ ಹಾಕಲು ಒಲೆಯ ಬಾಗಿಲು ತೆರೆದು ಬಗ್ಗಿದ್ದ. ಒಳಗೆ ಏನೋ ಹರಿದ ಸದ್ದಾಯಿತು, ಬಟ್ಟೆ ಸೀಳಿದಂತೆ. ಬೆಂಕಿ, ಉಗಿ, ಬೂದಿ ಎಲ್ಲ ಒಟ್ಟಿಗೆ ಆ ಬಾಗಿಲಿನಿಂದ ಹೊರಕ್ಕೆ ಬಂತು.

ಅವನನ್ನು ಕೆಳಗಿಳಿಸಿದಾಗ ಮಾತು ಇತ್ತು. ಸುಟ್ಟ ಮೈಗೆ ಹಾಕಲು ಸಿಹಿನೀರಿರಲಿಲ್ಲ. ಬಸಳೆ ಎಲೆ ಜಜ್ಜಿ ಹಚ್ಚಿದೆ. ಕುಡಿಸಲು ಎಲ್ಲ ಮನೆಯವರೂ ತಮ್ಮ ತಳದಲ್ಲಿದ್ದದ್ದನ್ನು ಬಸಿದು ತಂದರು. ಅವನು ಒಂದು ಗುಟುಕು ಕುಡಿದು ಬಾಯಿ ಮುಚ್ಚಿಕೊಂಡ. “ಅಬ್ಬೆಗೆ ಕೊಡು” ಎಂದ. ಮಗನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ ಅತ್ತೆ, “ಕುಡ್ಯೋ, ನಂದು ಆಯ್ತು” ಎಂದು ಸುಳ್ಳು ಹೇಳಿದರು.

ಕತ್ತಲಾಗುವ ಮೊದಲು ನನ್ನನ್ನು ಹತ್ತಿರ ಕರೆದ. “ಎಷ್ಟು ಹೋಗಿದೆ, ಕಂಡ್ಯಾ?”

“ಕಂಡೆ. ಕೆಳಗಿನ ಸಾಲು ಪೂರಾ.”

“ಬೆಣೆ ಬಡ್ದು ಆಗೂದಲ್ಲ ಅದು. ಹೊಸ ಟ್ಯೂಬೇ ಬೇಕು.” ನನ್ನ ಕಡೆ ಮುಖ ತಿರುಗಿಸಿ, “ಸಿಕ್ರೆ ಹಾಕೂಕೆ ನಿಂಗೆ ಬತ್ತದೆ. ನಾನು ಮಾಡೂದು ಕಂಡಿದ್ಯಲ್ಲ” ಎಂದ.

ಬೆಳಗಾಗುವಾಗ ತೀರಿಕೊಂಡ. ಸೌದೆ ಖರ್ಚು ಮಾಡುವುದು ಬೇಡವೆಂದು ಅತ್ತೆಯೇ ಹೇಳಿದರು. ಮರಳಿನಲ್ಲಿ ಹೂಳಿದೆವು.

ಈಗ ಇಲ್ಲಿ ಉಳಿದಿರುವವರು ನಡೆಯಲಾರದವರು ಮತ್ತು ಅವರನ್ನು ಬಿಟ್ಟು ಹೋಗಲಾರದವರು. ನಾವು ಮಡಕೆಯಲ್ಲಿ ಸಮುದ್ರದ ನೀರು ಕುದಿಸುತ್ತೇವೆ, ಬಾಯಿಗೆ ಬಟ್ಟೆ ಕಟ್ಟಿ ಉಗಿ ಹಿಡಿಯುತ್ತೇವೆ, ಆ ಬಟ್ಟೆಯನ್ನು ಹಿಂಡುತ್ತೇವೆ. ಒಂದು ಮರದ ಸೌದೆ ಉರಿಸಿದರೆ ನಾಲ್ಕು ಬಾಯಿ ಒದ್ದೆಯಾಗುತ್ತದೆ. ಆ ಗಾಳಿಮರಗಳೇ ದಿಬ್ಬದ ಮಣ್ಣನ್ನು ಹಿಡಿದಿರುವುದು. ಕಡಿದ ಕಡೆಯೆಲ್ಲ, ಸಮುದ್ರ ಉಬ್ಬಿದಾಗ, ಭರತದ ನೀರು ಒಳಗೆ ಬರುತ್ತಿದೆ. ನಿನ್ನೆ ಮೂರು ಮನೆ ಹೋದವು. ಮುದುಕರನ್ನು ಹೊತ್ತುಕೊಂಡು ಹೊರಟ ಇಬ್ಬರು ಗಂಡಸರು ಕುಡಿಯುವ ನೀರು ತೀರಿ ಉಪ್ಪುಬಯಲಿನ ನಡುವೆ ನಿಲ್ಲಬೇಕಾಯಿತು. ಹೊತ್ತವರಲ್ಲಿ ಒಬ್ಬ ಮಾತ್ರ ಹಿಂದಿರುಗಿದ. ಅತ್ತೆಗೆ ಈಗ ಮಾತು ತೊದಲುತ್ತದೆ. ನನ್ನನ್ನು ತಮ್ಮ ತಂಗಿಯೆಂದು ತಿಳಿದು, ಮಳೆ ಬಂತಾ, ಹಂಡೆ ಹೊರಗಿಟ್ಯಾ ಎಂದು ಕೇಳುತ್ತಾರೆ. ಇಟ್ಟೆ ಅಕ್ಕ ಎನ್ನುತ್ತೇನೆ. ಮಳೆಗೆ ಇನ್ನೂ ಬಹಳ ಕಾಲ ಇದೆ. ನೇತ್ರಾವತಿಗೆ ಅಪ್ಪನ ಸುದ್ದಿ ಮುಟ್ಟಿದೆಯೋ ಇಲ್ಲವೋ ತಿಳಿಯದು. ಅವಳು ಆ ಸ್ಟೇಷನ್ನಿನಲ್ಲಿ ನಿಂತು ಹಳಿಯನ್ನೇ ನೋಡುತ್ತಿರುತ್ತಾಳೆ ಎಂಬುದನ್ನು ನೆನೆದರೆ ನನಗೆ ಕೂರಲಾಗುವುದಿಲ್ಲ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಆ ಶೆಡ್ಡನ್ನು ಕೆಡವುವ ಮೊದಲು ಟ್ಯೂಬುಗಳ ಕಟ್ಟುಗಳನ್ನು ಹೊರಗೆ ತೆಗೆದಿಡಿ. ಒಂದೊಂದು ಟ್ಯೂಬು ಇಬ್ಬರು ಮನುಷ್ಯರು ಉದ್ದಕ್ಕೆ ಮಲಗಿದಷ್ಟು ಇರುತ್ತದೆ, ಮುಷ್ಟಿಯಷ್ಟು ದಪ್ಪ. ಗ್ರೀಸು ಬಳಿಯಿರಿ, ಒಳಗೂ ಹೊರಗೂ, ಕೈಗೆ ಅಂಟುವಷ್ಟು. ಟಾರ್ಪಾಲಿನಲ್ಲಿ ಸುತ್ತಿರಿ. ಅವುಗಳ ಬಾಯಿ ಅಗಲಿಸುವ ಸಲಕರಣೆ ಅದೇ ಶೆಡ್ಡಿನ ಗೋಡೆಗೆ ತೂಗುಹಾಕಿರುತ್ತದಂತೆ, ಅದನ್ನೂ ಜೊತೆಗಿಡಿ. ಧಕ್ಕೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ದೀಪದ ಕಂಬವಿದೆಯಲ್ಲ, ಅದರ ಬಡಗಣ ಮಗ್ಗುಲಿಗೆ ಚಿರೆಕಲ್ಲಿನ ಒಂದು ಮೋಟುಗೋಡೆ ಇದೆ. ಸಮುದ್ರ ಅಷ್ಟು ಎತ್ತರಕ್ಕೆ ಇನ್ನೂ ಬಂದಿಲ್ಲ. ಆ ಗೋಡೆಗೆ ತಾಗಿ, ಒಳಮಗ್ಗುಲಿಗೆ ಹೂತಿಡಿ. ಯಾಕೆ ಮಾಡುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಹಳೇ ಕಬ್ಬಿಣ ಎಂದುಬಿಡಿ. ಒಬ್ಬರು ಮಾಡಿದರೂ ಸಾಕು. ಈ ಕಾಗದ ನೂರು ಜನರ ಕೈ ಸೇರಿ ತೊಂಬತ್ತೊಂಬತ್ತು ಜನ ನಕ್ಕರೂ ಸರಿ.

ನಾಳೆ ಬೆಳಿಗ್ಗೆ ಆ ಗೋಡೆಯ ಬುಡ ಅಗೆದು ನೋಡಲು ನಾನು ಹಾರೆ ತೆಗೆದುಕೊಂಡು ಗುಡ್ಡ ಹತ್ತುತ್ತೇನೆ. ಬೊಮ್ಮಯ್ಯನಿಗೆ ಹೇಳಿದ್ದೇನೆ. ಅವನು ನನ್ನ ಮುಖ ನೋಡಿದ, ಇವಳಿಗೆ ತಲೆ ಕೆಟ್ಟಿದೆ ಎನ್ನಲಿಲ್ಲ. “ಪಿಕಾಸಿ ನಾನು ತತ್ತೆ” ಎಂದ.

ನಿಮ್ಮ ಕೈಯಿಂದ ಅಷ್ಟಾದರೆ ಉಪಕಾರ. ಆದರೆ ತುಂಬಾ ಆಳಕ್ಕೆ ಹೂಳಬೇಡಿ. ಅಗೆಯುವುದಕ್ಕೆ ನಮ್ಮ ಕೈಗಳಲ್ಲಿ ಈಗ ಅಷ್ಟು ಶಕ್ತಿ ಇಲ್ಲ.

ಸೇವಂತಿ